ಸಿಟ್ಟಿನ ಕೆಳಗೇನದ

ಅಡುಗೆಮನೆಯಲ್ಲಿ ಸ್ಟೀಲಿನ ತಾಟುಗಳೆಲ್ಲ ಒಮ್ಮೆಲೇ ಧಡಾರನೆ ನೆಲಕ್ಕೆ ಬಿದ್ದವು. ಹೊರಗೆ ಕಟ್ಟೆಯ ಮೇಲೆ ಉಣ್ಣುತ್ತ ಕುಳಿತಿದ್ದ ಶಿವರಾಯನ ಕೈಯಿಂದ ತಾಟು ಅಂಗಳಕ್ಕೆ ಹಾರಿತು. ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಎಲ್ಲ ಮಣ್ಣುಪಾಲು. "ಯಾರಲೇ ಅದು!" ಎಂದು ಒದರುತ್ತ ಅವನು ಒಳಗೆ ನುಗ್ಗಿದ.

ಹದಿಮೂರು ವರ್ಷದ ಮಗಳು ಸೃಷ್ಟಿ ಚೆಲ್ಲಿಬಿದ್ದ ತಾಟುಗಳ ನಡುವೆ ಕಣ್ಣು ಮುಚ್ಚಿ ನಿಂತಿದ್ದಳು. ಹಿಟ್ಟಿನ ಕೈಯಲ್ಲೇ ಹೆಂಡತಿ ಬಸವೇಶ್ವರಿ ಅಡ್ಡ ಬಂದಳು. ಆಗಲೇ ತನ್ನ ಬಲಗೈ ಮೇಲೆದ್ದಿರುವುದು ಶಿವರಾಯನಿಗೆ ಕಂಡಿತು. ಅದನ್ನು ಕೆಳಗಿಳಿಸಿ ಪ್ಯಾಂಟಿನ ಕಿಸೆಗೆ ತುರುಕಿಕೊಂಡ.

"ನನಗ ಸಿಟ್ಟು ಬಂದದ," ಎಂದ, ಪಾಠ ಒಪ್ಪಿಸುವವನ ಹಾಗೆ. "ಹೊರಗ ಹೋಗ್ತೇನಿ. ಹತ್ತ ನಿಮಿಷಕ್ಕ ಬರ್ತೇನಿ."

ಈ ಮಾತು ಕಲಿಸಿದವಳು ನಿಶಾತ. ಮಾಜಿ ಸೈನಿಕರ ಮನಸ್ಸಿನ ಗಾಯಗಳಿಗೆ ಚಿಕಿತ್ಸೆ ಕೊಡಲು ಪ್ರತಿ ಗುರುವಾರ ಅಫಜಲಪುರಕ್ಕೆ ಬರುವ ಸಣ್ಣ ವಯಸ್ಸಿನ ಹೆಣ್ಣುಮಗಳು. ಹದಿನೇಳು ವರ್ಷ ಫೌಜಿನಲ್ಲಿದ್ದು ಅತನೂರಿಗೆ ಮರಳಿದ ಹವಾಲ್ದಾರ ಶಿವರಾಯ ಅವಳ ಹತ್ತಿರ ಹೋಗತೊಡಗಿ ಹನ್ನೊಂದು ವಾರವಾಗಿತ್ತು. ಮೂರನೇ ವಾರ ಅವಳು, "ಸಿಟ್ಟಿನ ಕೆಳಗೇನದ, ಒಮ್ಮೆ ಇಣುಕಿ ನೋಡ್ರಿ. ಬಹಳ ಮಂದಿಗಿ ಅಲ್ಲಿ ಅಂಜಿಕಿ ಇರ್ತದ," ಎಂದಿದ್ದಳು. "ಅಂಜಿಕಿ? ನನಗ? ನಾ ಫೌಜಿ ಇದ್ದೇನ್ರಿ!" ಎಂದು ಇವನು ಕುರ್ಚಿ ಒದ್ದು ಎದ್ದು ಬಂದಿದ್ದ. ಮುಂದಿನ ಗುರುವಾರ ಹೋದಾಗ ಅವಳು ಅದೇ ಕುರ್ಚಿ ಮುಂದೆ ಸರಿಸಿ, "ಕೂಡ್ರಿ, ಚಹಾ ತರಸ್ತೇನಿ," ಅಂದಿದ್ದಳು. ಅವತ್ತಿನಿಂದ ಒಂದು ವಾರವೂ ತಪ್ಪಿಸಿರಲಿಲ್ಲ.

ಈಗ ಅವನು ಹಿತ್ತಲ ಬೇವಿನ ಮರಕ್ಕೆ ಅಂಗೈ ಒತ್ತಿ ನಿಂತ. ಕಿವಿ ಕಾದ ಹಂಚಿನಂತಾಗಿದ್ದವು. ನಿಶಾತ ಹೇಳಿಕೊಟ್ಟಂತೆ ಕಣ್ಣಿಗೆ ಬಿದ್ದದ್ದನ್ನು ಬಾಯಿಬಿಟ್ಟು ಹೇಳಿಕೊಂಡ: "ಇದು ಅತನೂರು. ಇವತ್ತ ಆದಿತವಾರ. ಎದುರಿಗಿರೋದು ತೊಗರಿ ಹೊಲ." ಉಸಿರನ್ನು ನಿಧಾನ ಎಳೆದು ಅದಕ್ಕಿಂತ ನಿಧಾನ ಬಿಟ್ಟ. ಎದೆಬಡಿತ ತುಸು ಇಳಿದಾಗ, ಇಷ್ಟು ವಾರ ಮುಖ ತಿರುಗಿಸಿಕೊಂಡಿದ್ದ ಕಡೆಗೆ ನೋಡಿದ. ಅಲ್ಲಿ ಹಿಮದ ಕಾಲುಹಾದಿಯಿತ್ತು. ನಾಲ್ಕು ಹೆಜ್ಜೆ ಮುಂದೆ ನಡೆಯುತ್ತಿದ್ದ ಜೊತೆಗಾರ ಬಲಬೀರ ಏನೋ ಹೇಳಲು ಹಿಂದೆ ತಿರುಗಿದ್ದ, ಆಗ ಅವನ ಕಾಲಡಿ ನೆಲಬಾಂಬು ಸಿಡಿದ ಆ ಸಪ್ಪಳ. ಆ ಹೊತ್ತಿನಲ್ಲಿ ತನಗೆ ಸಿಟ್ಟೇನೂ ಬಂದಿರಲಿಲ್ಲ. ಬಂದದ್ದು ಅಂಜಿಕೆ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಒಳಗೆ ಬಂದವನು ಅಡುಗೆಮನೆಯ ಹೊಸ್ತಿಲ ಹತ್ತಿರ ನೆಲಕ್ಕೆ ಕುಳಿತ. ನಿಂತು ಮಾತಾಡಿದರೆ ಮಗಳು ತಲೆಯೆತ್ತುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

"ಸೃಷ್ಟಿ, ನಾ ಅಂಜಿದ್ದೆ. ಆ ಸಪ್ಪಳಕ್ಕ ಅಂಜಿದೆ, ಅದಕ್ಕ ಒದರಿದೆ. ನಿಂದೇನೂ ತಪ್ಪಿಲ್ಲ. ತಪ್ಪು ನಂದು."

ತಾಟು ಆರಿಸುತ್ತಿದ್ದ ಸೃಷ್ಟಿಯ ಕೈ ನಿಂತಿತು. ಆಮೇಲೆ, "ನಿನಗ ಅಂಜಿಕಿ ಆದ್ರ ನಮಗ್ಯಾಕ ಅಂಜಸ್ತಿ?" ಎಂದಳು, ಸಣ್ಣ ದನಿಯಲ್ಲಿ. ಮರುಕ್ಷಣ ಆ ದನಿ ಏರಿತು. "ಎಲ್ಲಾರ ಮನ್ಯಾಗೂ ತಾಟು ಬೀಳ್ತಾವ! ನಾ ಬೇಕಂತ ಕೆಡವಿದೆನೇನು? ನನ್ನ ಹುಟ್ಟಿದ ದಿನಕ್ಕ ಒಬ್ಬ ಗೆಳತೀನ್ನೂ ಕರೀಲಿಲ್ಲ, ಗೊತ್ತದೇನು ನಿನಗ? ಯಾರರ ಬಲೂನ್ ಒಡದಾರು ಅಂತ!"

"ಏ, ಸುಮ್ಮಕಿರಬೇ!" ಬಸವೇಶ್ವರಿ ಗಾಬರಿಯಿಂದ ಇಬ್ಬರ ನಡುವೆ ಬಂದಳು.

"ಬಿಡು, ಅನ್ನಲಿ," ಎಂದ ಶಿವರಾಯ.

"ಅಂತೇನಿ! ಅವ್ವ ನಸುಕಿನ್ಯಾಗ ಎದ್ದು ಬಡದ ರೊಟ್ಟಿ ಮಣ್ಣಾಗ ಒಗದಿ. ನೀನಽ ಹೋಗಿ ಬಳಿ. ನಾವು ಬಳ್ಯಂಗಿಲ್ಲ!"

ಶಿವರಾಯ ಸಿಟ್ಟಿನ ದಾರಿ ಕಾದ. ಅದು ಬರಲಿಲ್ಲ. ಊರಿಗೆ ಬಂದು ಮೂರು ವರ್ಷವಾದರೂ ಮಗಳು ಅವನೆದುರು ಹೂಂ, ಉಹೂಂ ಬಿಟ್ಟು ಎರಡನೇ ಮಾತಾಡಿರಲಿಲ್ಲ. ಈಗ ಹುಬ್ಬು ಗಂಟಿಕ್ಕಿ, ಮೂಗು ಅರಳಿಸಿ, ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಮಗಳ ಸಿಟ್ಟಿನ ಮುಖ ಹೀಗಿರುತ್ತದೆಂದು ಅವನು ಇವತ್ತೇ ಕಂಡದ್ದು. ಕಸಬರಿಗೆ ತೆಗೆದುಕೊಂಡು ಅಂಗಳಕ್ಕಿಳಿದ. ಒಳಗಿನಿಂದ ಮಗಳ ಬೈಗುಳ ಇನ್ನೂ ಕೇಳುತ್ತಲೇ ಇತ್ತು.

ಪಕ್ಕದ ಗೋಡೆಯ ಮೇಲೆ ನೆರೆಮನೆಯ ಮುದುಕಿ ಖಾಸೀಂಬಿಯ ತಲೆ ಕಾಣಿಸಿತು. ಶಿವರಾಯನ ಅಬ್ಬರ ಅವಳಿಗೆ ಹೊಸದಲ್ಲ, ಅದಕ್ಕೆ ಅವಳು ಎಂದೂ ಇಣುಕಿದವಳಲ್ಲ. ಇವತ್ತಿನ ದನಿ ಹೊಸದು.

"ಶಿವರಾಯಪ್ಪ, ಏನದು ಗಲಾಟಿ? ಯಾರು ಒದರಾಕತ್ತಾರ?"

ಶಿವರಾಯ ಬಳಿಯುವುದನ್ನು ನಿಲ್ಲಿಸಿ ನೆಟ್ಟಗೆ ನಿಂತ.

"ನಮ್ಮ ಸೃಷ್ಟಿರಿ," ಎಂದ, ಓಣಿಗೆಲ್ಲ ಕೇಳುವ ಹಾಗೆ. "ನನಗ ಬೈಯಾಕತ್ತಾಳ!"