ಬದು ದಾಟಿದ ಜೋಳ

ಸಂಶೋಧನಾ ಕೇಂದ್ರದವರು ಕೊಟ್ಟ ಜೋಳ ರಾತ್ರಿ ಸತ್ವದ ಮಣ್ಣು ಹುಡುಕಿಕೊಂಡು ನಡೆಯುತ್ತಿತ್ತು. ಬೆಳಗ್ಗೆ ದನ ಹೊಡೆದಂತೆ ಹೊಡೆದು ತಂದರಾಯಿತು. ಕೊಯ್ಲಿನ ದಿನ ಮಾತ್ರ ಬೆಳೆ ಯಾರ ಹೊಲದಲ್ಲಿ ನಿಂತಿದೆಯೋ ಅವರದು. ಅಂಥ ದಿನವೇ ನೀಲವ್ವನ ವರ್ಷದ ರೊಟ್ಟಿಯೆಲ್ಲ ಬದು ದಾಟಿ ನೆರೆಯ ಬಸಲಿಂಗಪ್ಪನ ಕಲ್ಲುಹೊಲದಲ್ಲಿ ನಿಂತಿತ್ತು.

“ಕಾಕಾ, ಈ ಕಲ್ಲಿನ್ಯಾಗ ಏನೈತಿ ಅಂತ ಬಂತರಿ ಇದು?”

“ನಿನ್ನ ಕಡಬು ಅದಾವಲ್ಲವ್ವ! ಎಳ್ಳಮಾಸಿ ಹಬ್ಬದ ಮಂಜಿನ್ಯಾಗ ಬದು ಕಾಣದ, ಭೂಮಿತಾಯಿಗೆ ಉಣಸೂ ಚರಗ ನನ್ನ ಹೊಲಕ್ಕ ಚೆಲ್ಲಿ ಹೋದಿ.”

ನಗಬೇಕೋ ಅಳಬೇಕೋ ನೀಲವ್ವನಿಗೆ ತಿಳಿಯಲಿಲ್ಲ. ಬಸಲಿಂಗಪ್ಪ ಕುಡುಗೋಲು ಎತ್ತಿದ. ಜೋಳ ಸಾಲಿಗೆ ಸಾಲೇ ಸರಿದು, ಅದೇ ಕಲ್ಲುಹೊಲದಲ್ಲಿ ನಿಂತಿದ್ದ ಅವಳ ಬೆನ್ನ ಹಿಂದೆ ನಿಂತಿತು.

“ಹೊಲ ನಂದ ಹೌದಲ್ಲ, ನೀಲವ್ವಾ?” ಎಂದು ಅವನು ಗೊಂದಲದಲ್ಲಿ ಕೇಳಿದ.

“ನಿಮ್ದರಿ,” ಎಂದಳು.

ಜೋಳ ಅವಳ ಸೆರಗು ಬಿಡಲಿಲ್ಲ.