ಬಟಾಣಿಯ ಸರದಿ

ಭಾಷ್ಯಂ ಮೇಷ್ಟರು ಜಗಲಿಯ ಮೇಲೆ ಮೂರು ಕಾಗದದ ಪೊಟ್ಟಣ ಬಿಚ್ಚಿಟ್ಟು, "ಇದು ಬೇಗ ಬರೋದು, ಇದು ನಡುವಿನದು, ಇದು ನಿಧಾನದ್ದು" ಎಂದು ಹೆಂಡತಿಗೆ ತರಗತಿಯಲ್ಲಿ ಪಾಠ ಹೇಳುವ ಹಾಗೆ ಹೇಳಿದರು. ರೈಲಿನವರ ಕೈಲಿ ಬೆಂಗಳೂರಿನಿಂದ ತರಿಸಿ, ಅರಸೀಕೆರೆಗೆ ತಾವೇ ಹೋಗಿ ಇಸಿದುಕೊಂಡು ಬಂದ ಬಟಾಣಿ ಬೀಜ. ನವರಾತ್ರಿಯ ಗೊಂಬೆಗಳನ್ನು ಇಳಿಸಿಯಾಗಿತ್ತು. ಮಗಳು ಯದುಗಿರಿ ಹಿತ್ತಿಲಲ್ಲಿ ಪಾತಿ ಅಗೆದು, ಗೊಬ್ಬರ ಬೆರೆಸಿ, ಬೀಜಕ್ಕಾಗಿಯೇ ಕಾದಿದ್ದಳು.

"ಗೇಣುದ್ದ ಹಿತ್ತಿಲಿಗೆ ಮೂರು ಜಾತಿ ಯಾಕೆ?" ಎಂದರು ರಮಾಮಣಿ. "ಒಳ್ಳೇದು ಅನ್ನೋದು ಒಂದು ಹಾಕಿದರೆ ಸಾಲದೇ?"

"ಒಂದೇ ಹಾಕಿದರೆ ಒಟ್ಟಿಗೇ ಕಾಯಿ ಬಿಟ್ಟು ಮುಗಿದುಹೋಗುತ್ತೆ ಕಣೇ. ಆಮೇಲೆ ಬಂದವರಿಗೆ ಏನು ಮಾಡ್ತೀಯ? ಹೋದ ವರ್ಷ ಚನ್ನರಾಯಪಟ್ಟಣದವರ ಉಪ್ಪಿಟ್ಟಿಗೆ ಒಣ ಬಟಾಣಿ ನೆನೆಸಿ ಹಾಕಿದೆಯಲ್ಲ, ಹುಡುಗನ ತಾಯಿ ಒಂದೊಂದೇ ಕಾಳು ತಟ್ಟೆ ಅಂಚಿಗೆ ಸರಿಸಿದ್ದು ನಾನು ನೋಡಲಿಲ್ವೇ?"

ಬಂದವರು ಅಂದರೆ ಹೆಣ್ಣು ನೋಡಲು ಬಂದವರು. ಬೇಲೂರಿನ ಸಂತೆಯಲ್ಲಿ ಹಸಿ ಬಟಾಣಿ ಕಾಣುವುದೇ ಅಪರೂಪ. ಉಪ್ಪಿಟ್ಟಿನಲ್ಲಿ ಅದು ಹಸಿರಾಗಿ ಕಂಡರೆ ಮನೆತನಕ್ಕೊಂದು ತೂಕ ಬರುತ್ತದೆಂದು ಮೇಷ್ಟರ ನಂಬಿಕೆ. ಬಂದವರೋ ತಿಂದು, ಕೈ ತೊಳೆದು, ಯದುಗಿರಿಯ ಹಾಡು ಕೇಳಿ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದುಹೋಗುತ್ತಿದ್ದರು. ಹುಡುಗಿ ಕಪ್ಪು ಎಂಬ ಕಾರಣಕ್ಕೆ ತಪ್ಪಿದ ಸಂಬಂಧಗಳು. ಅಪ್ಪನಾದವನು ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಬಟಾಣಿಯನ್ನು ದೂರುತ್ತಿದ್ದರು, ಪಾಪ.

ಬಾವಿಕಟ್ಟೆಯ ಹತ್ತಿರ ಕೈ ತೊಳೆಯುತ್ತಿದ್ದ ಯದುಗಿರಿ ಇದನ್ನೆಲ್ಲ ಕೇಳಿ ಒಳಗೊಳಗೇ ನಗುತ್ತಿದ್ದಳು. ಈ ಸಲ ಅವಳ ಮನಸ್ಸು ಹಗುರವಾಗಿತ್ತು. ಧನುರ್ಮಾಸ ಹುಟ್ಟುವ ಮೊದಲೇ ಬರುತ್ತೇನೆಂದವನು ಅರಸೀಕೆರೆ ಸ್ಟೇಷನ್ನಿನ ಗುಮಾಸ್ತ. ಗೋದಾ ಅತ್ತೆಯ ಮನೆಯ ಮದುವೆಯಲ್ಲಿ ಅವಳು ಬಡಿಸುವುದನ್ನು ನೋಡಿ, ತಾನಾಗಿಯೇ ತಾಯಿಗೆ ಹೇಳಿ ಕೇಳಿಸಿದ್ದನಂತೆ. ಕಣ್ಣಾರೆ ನೋಡಿದ ಮೇಲೆ ಕೇಳಿದವನು ಬೇಡ ಎನ್ನುತ್ತಾನೆಯೇ? ಪರರ ಮುಂದೆ ಚಾಪೆಯ ಮೇಲೆ ತಲೆತಗ್ಗಿಸಿ ಕೂರುವುದು ಇದೇ ಕೊನೆ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು.

"ಸರಿ, ಬೇಗ ಬರೋದು ಅರಸೀಕೆರೆಯವರಿಗಾಯ್ತು," ಎಂದರು ರಮಾಮಣಿ. "ನಡುವಿನದು ಧನುರ್ಮಾಸದಲ್ಲಿ ಕಾಯಿ ಬಿಡುತ್ತೆ. ಆವಾಗ ಯಾರು ಹೆಣ್ಣು ನೋಡೋಕೆ ಬರ್ತಾರೆ? ನಾವೇ ತಿನ್ನಬೇಕಷ್ಟೆ."

"ಅದಕ್ಕೇ ಅದನ್ನ ಸ್ವಲ್ಪ ದಿನ ತಡೆದು ಬಿತ್ತೋಣ ಅಂತ. ಸಂಕ್ರಾಂತಿ ದಾಟಿದ ಮೇಲೆ ಹಾಸನದವರು ಬರಬಹುದು. ನಿಧಾನದ್ದು ಶಿವರಾತ್ರಿ ಹೊತ್ತಿಗೆ ಬರುತ್ತೆ. ಆಗ ಇನ್ಯಾರಾದರೂ..."

ಯದುಗಿರಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಜಗಲಿಗೆ ಬಂದಳು. "ಅಪ್ಪ, ಅರಸೀಕೆರೆಯವರು ಒಪ್ಪಿಬಿಟ್ಟರೆ ಮಿಕ್ಕ ಎರಡು ಯಾರಿಗೆ?"

ಮೇಷ್ಟರು ತಡವರಿಸಿದರು. "ಒಪ್ತಾರಮ್ಮ, ಒಪ್ಪದೇ ಏನು. ಆದರೂ ಒಂದೇ ಬೆಳೆ ನಂಬಿಕೊಂಡು ಕೂರಬಾರದು, ನೋಡು."

ಪ್ರೀತಿಯಿಂದಲೇ ಹೇಳಿದ ಮಾತು. ಬೈದಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಬಂದವರು ಬೇಡವೆಂದದ್ದನ್ನೆಲ್ಲ ಅವಳು ಹೇಗೋ ನುಂಗಿಕೊಂಡಿದ್ದಳು. ಅರಸೀಕೆರೆಯವರು ಬರುವ ಮೊದಲೇ ಅವರ ಪರವಾಗಿ ಅಪ್ಪನೇ ಬೇಡವೆಂದುಕೊಂಡದ್ದು ಗಂಟಲಲ್ಲಿ ಇಳಿಯಲಿಲ್ಲ. ಮೂರು ಪೊಟ್ಟಣವನ್ನೂ ಮೊರಕ್ಕೆ ಸುರಿದು ಎರಡೂ ಕೈಯಿಂದ ಕಲಸಿಬಿಟ್ಟಳು. "ಯಾವುದು ಯಾವಾಗ ಬರುತ್ತೋ ಬರಲಿ," ಎಂದು ಒಳಗೆ ಹೋದಳು. ರಮಾಮಣಿ ಏನೋ ಅನ್ನಲು ಹೊರಟರು. ಮೇಷ್ಟರು ಕೈಸನ್ನೆ ಮಾಡಿ ಸುಮ್ಮನಿರಿಸಿದರು.

ಸಂಜೆ ಯದುಗಿರಿ ಹೊಸ್ತಿಲು ಸಾರಿಸಲು ಬಂದಾಗ ಅಪ್ಪ ಇನ್ನೂ ಅಲ್ಲೇ ಕೂತಿದ್ದರು. ಕನ್ನಡಕ ಏರಿಸಿಕೊಂಡು ಬೀಜ ಆರಿಸುತ್ತಿದ್ದರು. ನುಣ್ಣಗೆ ಗುಂಡಗಿದ್ದ ಬೇಗದ್ದು ಒಂದು ಕಡೆ, ದಪ್ಪನೆಯ ನಡುವಿನದು ಇನ್ನೊಂದು ಕಡೆ, ಸುಕ್ಕುಗಟ್ಟಿದ ನಿಧಾನದ್ದು ಪಂಚೆಯ ಮಡಿಲಲ್ಲಿ. ಮುಖದಲ್ಲಿ ಚೂರೂ ಕೋಪವಿರಲಿಲ್ಲ. ಅವಳಿಗೆ ನಾಚಿಕೆಯಾಯಿತು. ಪಕ್ಕದಲ್ಲಿ ಕೂತು ತಾನೂ ಆರಿಸತೊಡಗಿದಳು.

ಮೊರ ಖಾಲಿಯಾದ ಮೇಲೆ ಮೇಷ್ಟರು ಮಡಿಲಿನಿಂದ ಒಂದು ಹಿಡಿ ತೆಗೆದು ಅವಳ ಬೊಗಸೆಗೆ ಹಾಕಿದರು.

"ಇಷ್ಟನ್ನ ಬಿತ್ತಬೇಡಮ್ಮ," ಎಂದರು. "ಬೂದಿ ಬೆರೆಸಿ ಡಬ್ಬಿಗೆ ಹಾಕಿಡು. ಮುಂದಿನ ವರ್ಷ ಈ ಪಾತಿಗೆ ನಿನಗೇ ಬೇಕಾಗುತ್ತೆ."