ವಾಸ್ವನ ಎಡಗೈ

ಗಾರೆ ಕೆಲಸದ ಕಿಗ್ಗುಂಡುವಿನ ಮುಖದಿಂದ, ಅವನ ನೋಟವನ್ನು ಚಿತ್ರ ಹಿಡಿಯುವ ಕನ್ನಡಕ ಬಿಡಿಸಿಕೊಂಡು ನಾಂಟುಮೆ ಅದರ ತಂತಿಯನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಗಾರೆಯವರ ಕಣ್ಣಿಗೆ ಯಾವ ಯಾವ ಅಪಾಯ ಬೀಳುತ್ತದೆಂದು ತಿಳಿಯಲು ಕಂಪಾಲದ ವಿಶ್ವವಿದ್ಯಾಲಯದಿಂದ ಬಂದವಳು ಅವಳು. ಅವನ ಕಣ್ಣು ನಿಂತಲ್ಲೆಲ್ಲ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತಿತ್ತು. ಅವನು ಕೆಲಸ ಮಾಡುತ್ತಿದ್ದ ಮೂರನೇ ಮಹಡಿಗೆ ತಡೆಯಿಲ್ಲದ ಅಂಚಿತ್ತು, ಸಿಪ್ಪೆ ಸುಲಿದ ಕರೆಂಟು ತಂತಿಯಿತ್ತು. ಚುಕ್ಕೆಗಳು ಅತ್ತ ಸುಳಿದೇ ಇರಲಿಲ್ಲ. ಅಂಚಿನ ಕೆಳಗೆ ನೀಲಗಿರಿ ಕಂಬಗಳ ಸಾರುವೆಯ ಮೇಲೆ ನಿಂತು ಗಾರೆ ಬಳಿಯುತ್ತಿದ್ದ ಒಬ್ಬನ ಎಡಗೈಗೆ ಅರ್ಧ ಗಂಟೆಯುದ್ದಕ್ಕೂ ಮುತ್ತಿಕೊಂಡಿದ್ದವು.

“ಇವ್ರು ಯಾರು?”

ಹೆಂಡತಿಯ ತಮ್ಮ ವಾಸ್ವ ಎಂದ ಕಿಗ್ಗುಂಡು. ಮೈಗಳ್ಳ, ಅದಕ್ಕೇ ಒಂದು ಕಣ್ಣಿಟ್ಟಿರುತ್ತೇನೆ ಎಂದು ನಗಲು ನೋಡಿದ. ಅವಳು ನಗಲಿಲ್ಲ. ಇಲ್ಲಿ ಕಂಡದ್ದು ಮೇಸ್ತ್ರಿಯ ಕಿವಿಗೆ ಹೋಗುವುದಿಲ್ಲವೆಂದು ಅವಳು ಬೆಳಿಗ್ಗೆಯೇ ಮಾತು ಕೊಟ್ಟಿದ್ದಳು. ಆದರೂ ನಿಜ ಹೇಳುವಂತಿರಲಿಲ್ಲ. ವಾಸ್ವನಿಗೆ ಮೂರ್ಛೆರೋಗ. ಬರುವ ಮುನ್ನ ಎಡಗೈ ಅದುರುತ್ತದೆ. ಗೊತ್ತಾದರೆ ಯಾರೂ ಅವನಿಗೆ ಕೆಲಸ ಕೊಡರು, ಜೊತೆಯವರು ಅವನು ಉಂಡ ತಟ್ಟೆಯನ್ನೂ ಮುಟ್ಟರು.

“ಇಲ್ನೋಡಿ,” ಎಂದು ನಾಂಟುಮೆ ಚಿತ್ರವನ್ನು ನಿಲ್ಲಿಸಿದಳು.

ಪರದೆಯ ಕೆಳತುದಿಯಲ್ಲಿ ಒಂದು ಬೂಟು. ಅರ್ಧ ಕಾಂಕ್ರೀಟಿನ ಮೇಲೆ, ಅರ್ಧ ಗಾಳಿಯಲ್ಲಿ. ಅದು ತನ್ನದೇ ಎಂದು ಕಿಗ್ಗುಂಡುವಿಗೆ ಆಗಲೇ ತಿಳಿದದ್ದು; ವಾಸ್ವನ ಕೈ ನೋಡುತ್ತ ತಾನೇ ಅಂಚಿನಾಚೆ ಕಾಲಿಟ್ಟಿದ್ದ. ಅವಳನ್ನು ಕೇಳಿಕೊಂಡು ವಾಸ್ವನನ್ನು ಕೆಳಗೆ ಕರೆಸಿದ, ಮರಳಿನ ಗುಡ್ಡೆಯ ಹಿಂದೆ ಕೂರಿಸಿ ಚಿತ್ರ ತೋರಿಸಿದ.

ವಾಸ್ವನ ಮುಖ ಕಪ್ಪಿಟ್ಟಿತು. “ಹೇಳ್ಬಿಟ್ರಾ ಭಾವ?”

“ಬಾಯಿ ಬಿಟ್ಟಿಲ್ಲ. ಮಾತ್ರೆ ತಗೊಂಡ್ಯಾ ಇವತ್ತು?”

“ತಗೊಂಡ್ರೆ ನಿದ್ದೆ ಬರುತ್ತೆ.”

ಆಮೇಲೆ ಅಂಚಿನಾಚೆ ಚಾಚಿದ್ದ ಭಾವನ ಬೂಟು ಅವನ ಕಣ್ಣಿಗೆ ಬಿತ್ತು. ತನ್ನನ್ನು ಕಾಯಲು ಅಕ್ಕ ಹೇಳಿದ್ದಳೇ ಎಂದು ಕೇಳಿದ. ಕಿಗ್ಗುಂಡು ಲ್ಯಾಪ್‌ಟಾಪ್ ಮುಚ್ಚಿದ. ವಾಸ್ವ ಗಾರೆ ಬಳಿಯುವ ಕರಣೆ ಎತ್ತಿಕೊಂಡು ನೇರ ಮೇಸ್ತ್ರಿಯ ಬಳಿಗೆ ನಡೆದ. ಏನು ಹೇಳಿಬಿಡುತ್ತಾನೋ ಎಂದು ಕಿಗ್ಗುಂಡು ಹಿಂದೆಯೇ ಓಡಿದ.

“ಮೇಸ್ತ್ರಿ, ನಮ್ಮ ಭಾವಂಗೆ ಮೇಲೆ ನಿಂತ್ರೆ ತಲೆ ಸುತ್ತುತ್ತಂತೆ. ಹೇಳ್ಕೊಳ್ಳೋಕೆ ನಾಚಿಕೆ. ಜೊತೆಗೆ ನಾನಿರ್ತೀನಿ, ಇಬ್ರಿಗೂ ಕೆಳಗೇ ಕೆಲಸ ಕೊಡಿ.”

ಸಾರುವೆಯ ಮೇಲಿದ್ದವರೆಲ್ಲ ಕೇಕೆ ಹಾಕಿ ನಕ್ಕರು. ಇಪ್ಪತ್ತು ವರ್ಷ ಎತ್ತರದ ಗೋಡೆಗಳನ್ನೇ ಕಟ್ಟಿದವನಿಗೆ ಈಗ ಹೆದರಿಕೆಯೇ ಎಂದು ಮೇಸ್ತ್ರಿ ಕೆಣಕಿದ. ಕಿಗ್ಗುಂಡು ತಲೆ ತಗ್ಗಿಸಿ ಹೌದೆಂದ. ಪೂರ್ತಿ ಸುಳ್ಳೇನೂ ಆಗಿರಲಿಲ್ಲ. ಗಾಳಿಯಲ್ಲಿ ನಿಂತ ಆ ಅರ್ಧ ಬೂಟು ಇನ್ನೂ ಅವನ ಕಣ್ಣ ಮುಂದಿತ್ತು.